ನೀರುಗುಳ್ಳೆಯ ಬೆನ್ನು ಹತ್ತಿ ಸಾರ್ಡಿನಿಯಾಕ್ಕೆ

ಝಳಕಿ

ಮುಂಬೈ ಬಸ್ಸು ಝಳಕಿಯಲ್ಲಿ ಚಹಾಕ್ಕೆಂದು ನಿಂತಾಗ ಸಂಜೆಯ ಬಿಸಿಲು ಇನ್ನೂ ಇತ್ತು. ವಿದೇಶಕ್ಕೆ ಹೋಗುವವರನ್ನು ಕಳಿಸಲು ಜನ ವಿಮಾನ ನಿಲ್ದಾಣದವರೆಗೆ ಬರುತ್ತಾರೆ. ನನ್ನ ಅಣ್ಣ ಮಾಳಪ್ಪ ಹೋಟೆಲಿನ ಹಿಂದೆ, ಕಡಲೆ ಕಿತ್ತ ಹೊಲದ ಬದುವಿನ ಮೇಲೆ ನಿಂತಿದ್ದ. ಹೊಲಕ್ಕೆ ಗೊಬ್ಬರವಾಗಲೆಂದು ಆ ವಾರ ಅವನ ಕುರಿಗಳನ್ನು ರೈತರೊಬ್ಬರು ಅಲ್ಲೇ ತರುಬಿಸಿ ಉಳಿಸಿಕೊಂಡಿದ್ದರು. ಅವನ ಹಿಂದೆ ಮೋತ್ಯಾ, ನಮ್ಮ ನಾಯಿ, ಬಾಲ ಆಡಿಸದೆ ನಿಂತಿತ್ತು. ಹಿಂಡು ಕಾಯುವಾಗ ಅದು ಯಾರಿಗೂ ಬಾಲ ಆಡಿಸುವುದಿಲ್ಲ.

"ಅಲ್ಲೆ ಥಂಡಿ ಭಾಳ ಅಂತ. ಹಿಡಿ" ಎಂದು ಅಣ್ಣ ಹೆಗಲ ಮೇಲಿನ ಕಂಬಳಿ ತೆಗೆದು ಕೊಟ್ಟ.

"ನನ್ನ ಹತ್ರ ಸ್ವೆಟರ್ ಐತಿ ಅಣ್ಣಾ."

"ಸ್ವೆಟರ್ ಹಾಸಿಕೊಂಡು ಮಲಗಾಕ ಬರತೈತೇನು? ಹಿಡಿ ಅಂದ್ರ ಹಿಡಿ."

ಹಿಡಿದೆ. ಬಸ್ಸಿನವನು ಹಾರ್ನ್ ಹೊಡೆದ. ಅಣ್ಣ ಆಮೇಲೆ ಹೇಳಿದ ಮಾತು ಹಾರ್ನಿನ ನಡುವೆಯೇ ಹೇಳಿದ.

"ಅಲ್ಲೆ ಕೊಯ್ಯೂದು ನೋಡ್ತೀ ಹೌದಲ್ಲ?"

"ಹೂಂ."

"ಕಣ್ಣ ಮುಚ್ಚಬ್ಯಾಡ. ಪೂರಾ ನೋಡು. ಡಾಕ್ಟರ್ ಮಾತಿನ ಮ್ಯಾಲ ನಾ ಮಲಗೂದಿಲ್ಲ ರೇಣಿ. ನೀ ಬಂದು ಹೂಂ ಅಂದ್ರ ಮಲಗ್ತೇನಿ. ಊಹೂಂ ಅಂದ್ರ ಇಲ್ಲ."

ಓದುಗರಿಗೆ ಇಲ್ಲಿ ಸ್ವಲ್ಪ ಹಿಂದಿನದನ್ನು ಹೇಳಬೇಕು. ನಾನು ಕನ್ನೊಳ್ಳಿಯ ಕುರುಬರ ಮನೆಯವಳು. ಸಿಂದಗಿಯ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತೇನೆ. ನನ್ನ ಸಂಶೋಧನೆ ಕುರಿಗಾರರಿಗೆ ಬರುವ ಒಂದು ರೋಗದ ಬಗ್ಗೆ. ಕುರಿಯ ಲಿವರಿನಲ್ಲಿ ಕೆಲವೊಮ್ಮೆ ನೀರು ತುಂಬಿದ ಗುಳ್ಳೆಗಳಿರುತ್ತವೆ. ಆ ಲಿವರನ್ನು ಹಸಿಯಾಗಿ ತಿಂದ ನಾಯಿಯ ಕರುಳಿನಲ್ಲಿ ಸಣ್ಣ ಹುಳ ಬೆಳೆಯುತ್ತದೆ. ಅದರ ಮೊಟ್ಟೆ ನಾಯಿಯ ಮಲದಿಂದ ಹುಲ್ಲಿಗೆ, ಹುಲ್ಲಿನಿಂದ ಮತ್ತೆ ಕುರಿಗೆ ಹೋಗುತ್ತದೆ. ನಾಯಿಯ ಮೈ ಸವರಿದ ಕೈಯಿಂದ ಮನುಷ್ಯನ ಬಾಯಿಗೂ ಹೋಗುತ್ತದೆ. ಮನುಷ್ಯನ ಲಿವರಿನಲ್ಲೂ ಅಂಥದೇ ನೀರುಗುಳ್ಳೆ ಸದ್ದಿಲ್ಲದೆ ವರ್ಷಗಟ್ಟಲೆ ಬೆಳೆಯುತ್ತದೆ.

ರಕ್ತದ ಮಾದರಿಗಾಗಿ ಇಂಗಳೇಶ್ವರದಿಂದ ಮುದ್ದೇಬಿಹಾಳದ ತನಕ ಕುರಿಹಟ್ಟಿ ತಿರುಗಿದ್ದೆ. ಕೊನೆಗೆ ಒಂದು ಹೆಸರು ಕಡಿಮೆ ಬಿತ್ತು. "ಬಾ ಅಣ್ಣಾ, ಸಂಖ್ಯೆ ತುಂಬಿಸು" ಎಂದು ಅಣ್ಣನ ತೋಳಿಗೆ ಸೂಜಿ ಚುಚ್ಚಿದೆ. ಸಂಖ್ಯೆ ತುಂಬಲೆಂದು ತೆಗೆದ ಆ ರಕ್ತವೇ ಹೌದು ಅಂದಿತು. ವಿಜಯಪುರದ ಸ್ಕ್ಯಾನಿಂಗಿನಲ್ಲಿ ಅಣ್ಣನ ಲಿವರಿನೊಳಗೆ ಒಂದು ತೆಂಗಿನಕಾಯಿಯಷ್ಟು ಗುಳ್ಳೆ ಕಂಡಿತು. ಮಾತ್ರೆಗೆ ಕರಗುವ ಗಾತ್ರ ದಾಟಿದೆ, ಕೊಯ್ದೇ ತೆಗೆಯಬೇಕು, ತಾನಾಗಿ ಒಡೆದರೆ ಜೀವಕ್ಕೆ ಅಪಾಯ ಎಂದರು ವೈದ್ಯರು.

ನಮ್ಮಲ್ಲಿ ಮರಿ ಕೊಯ್ದರೆ ಮೊದಲ ಪಾಲು ನಾಯಿಗೆ. ಹಿಂಡು ಕಾಯುವವನು ಉಣ್ಣದೆ ಮನೆಯವರು ಉಣ್ಣಬಾರದು. ಆ ಪಾಲು ಹಾಕುವುದು ಮನೆಯ ಹೆಣ್ಣುಮಗುವಿನ ಕೆಲಸ. ಗುಳ್ಳೆ ಎದ್ದ ಲಿವರು ನಾವು ತಿನ್ನುವುದಿಲ್ಲವಾದ್ದರಿಂದ ಅದು ತಪ್ಪದೆ ನಾಯಿಯ ಪಾಲಿಗೆ ಬರುತ್ತಿತ್ತು. ನಾನು ಕಾಲೇಜಿಗೆ ಸೇರುವವರೆಗೂ ಹಾಕಿದ್ದೇನೆ. ಅಣ್ಣ ಚಳಿಗೆ ಆ ನಾಯಿಗಳನ್ನು ತಬ್ಬಿಕೊಂಡು ಮಲಗುತ್ತಿದ್ದ. ಪುಸ್ತಕದಲ್ಲಿ ಈ ರೋಗದ ಚಿತ್ರವಿದೆ: ನಾಯಿ, ಕುರಿ, ಮನುಷ್ಯ, ನಡುವೆ ಬಾಣದ ಗುರುತುಗಳು. ಒಂದು ಬಾಣದ ಜಾಗದಲ್ಲಿ ಲಂಗ ತೊಟ್ಟ ನಾನು ನಿಂತಿರುವಂತೆ ನನಗೆ ಕಾಣುತ್ತದೆ.

ಬಸ್ಸು ಹೊರಟಾಗ ಹಿಂದಿನ ಗಾಜಿನಿಂದ ನೋಡಿದೆ. ಅಣ್ಣ ಆಗಲೇ ಬೆನ್ನು ತಿರುಗಿಸಿದ್ದ. ಮೋತ್ಯಾ ಮಾತ್ರ ಬಸ್ಸನ್ನು ನೋಡುತ್ತಿತ್ತು.

ರೋಮ್

ರೋಮಿನಲ್ಲಿ ನನ್ನನ್ನು ಮೊದಲು ಗುರುತು ಹಿಡಿದದ್ದು ಒಂದು ನಾಯಿ. ಸಾಮಾನು ತಪಾಸಣೆಯ ಹತ್ತಿರ ಪೊಲೀಸರ ಆ ನಾಯಿ ಸಾಲಿನಲ್ಲಿದ್ದ ಎಲ್ಲರನ್ನೂ ದಾಟಿ ಬಂದು ನನ್ನ ಚೀಲದ ಮುಂದೆ ಕುಳಿತುಬಿಟ್ಟಿತು. ಹಾಗೆ ಕುಳಿತರೆ ಒಳಗೆ ಏನೋ ಇದೆ ಎಂದರ್ಥವಂತೆ. ಜನ ಒಂದೊಂದು ಹೆಜ್ಜೆ ದೂರ ಸರಿದರು.

ಅಧಿಕಾರಿ ಚೀಲ ಬಿಚ್ಚಿದ. ಮೇಲೆ ಕಡಕ್ ರೊಟ್ಟಿಯ ಗಂಟು, ಶೇಂಗಾ ಹಿಂಡಿ ಎಂಬ ಖಾರದ ಚಟ್ನಿಪುಡಿಯ ಡಬ್ಬಿ. ನಾಯಿ ಅವುಗಳನ್ನು ಮೂಸಲೂ ಇಲ್ಲ. ಕೆಳಗಿದ್ದ ಕಂಬಳಿ ಹೊರಬಂದಾಗ ಅದರೊಳಗೆ ಮೂತಿ ತುರುಕಿ, ತನ್ನ ನೌಕರಿ ಮರೆತು ಬಾಲ ಆಡಿಸಿತು. ಅಧಿಕಾರಿ ಕಂಬಳಿ ಕೊಡವಿದ. ಕನ್ನೊಳ್ಳಿಯ ಹುಲ್ಲಿನ ಮುಳ್ಳು ನಾಲ್ಕಾರು ಆ ಹೊಳೆಯುವ ನೆಲದ ಮೇಲೆ ಬಿದ್ದವು. ಅವನೂ ಒಮ್ಮೆ ಕಂಬಳಿ ಮೂಸಿ ನೋಡಿ, ಕುರಿ ಕೂಗಿದಂತೆ ಕೂಗಿ ಹುಬ್ಬು ಹಾರಿಸಿದ. ನಾನು ಹೌದೆಂದು ತಲೆಯಾಡಿಸಿದೆ. ಸಾಲಿನಲ್ಲಿದ್ದವರೆಲ್ಲ ನಕ್ಕರು.

ಅವನು ಕಂಬಳಿ ಮಡಚಿ ಕೊಟ್ಟಾಗ ನನಗೆ ಅಳು ಬಂತು. ಹೆದರಿಕೆಗಲ್ಲ. ಆ ನಾಯಿಗೆ ನಮ್ಮ ಮನೆಯ ವಾಸನೆ ಇಷ್ಟವಾಯಿತಲ್ಲ ಎಂದು.

ದ್ವೀಪದ ಒಂದು ಊರು

ಅಲ್ಲಿಂದ ಇನ್ನೊಂದು ಸಣ್ಣ ವಿಮಾನದಲ್ಲಿ ಸಾರ್ಡಿನಿಯಾ. ಇಟಲಿಗೆ ಸೇರಿದ, ಸಮುದ್ರದ ನಡುವಿನ ಈ ದ್ವೀಪದಲ್ಲಿ ಕುರಿಗಾರರೂ ನಮ್ಮ ರೋಗವೂ ಹಿಂದಿನಿಂದ ಇವೆ. ನಾನು ಇದ್ದ ಊರಿನ ಹೆಸರು ಬರೆಯುವುದಿಲ್ಲ. ಒಬ್ಬ ರೋಗಿಯ ಕಥೆ ಹೇಳುವವಳಿದ್ದೇನೆ, ಅವರನ್ನು ಹುಡುಕಿಕೊಂಡು ಯಾರೂ ಹೋಗಬಾರದು.

ಬಂದದ್ದು ಆರು ವಾರದ ತರಬೇತಿಗೆ. ನನಗೆ ಕಲಿಸಿದವರು ಪಾವ್ಲಾ. ಐವತ್ತು ದಾಟಿದ, ಗಟ್ಟಿ ದನಿಯ ಹೆಂಗಸು, ಅಜ್ಜ ಕುರಿಗಾರ. ಅಲ್ಲಿಯವರ ರೂಢಿಗಳು ನನಗೆ ಹೊಂದಲು ದಿನ ಹಿಡಿಯಿತು. ಕಾಫಿ ನಿಂತೇ ಕುಡಿಯುತ್ತಾರೆ, ಎರಡು ಗುಟುಕು, ಔಷಧಿ ಕುಡಿದಂತೆ. ಮಧ್ಯಾಹ್ನ ಊರಿಗೆ ಊರೇ ಬಾಗಿಲು ಹಾಕುತ್ತದೆ. ಒಬ್ಬರೇ ಕುಳಿತು ಉಣ್ಣುವವರನ್ನು ಕಂಡರೆ ಕರುಣೆ ತೋರಿಸುತ್ತಾರೆ.

ಮೊದಲ ದಿನ ನಾನೊಬ್ಬಳೇ ಮೂಲೆಯಲ್ಲಿ ಕುಳಿತು ರೊಟ್ಟಿ ಮುರಿದೆ. ಆ ಸದ್ದಿಗೆ ಪಾವ್ಲಾ ಒಳಗಿನಿಂದ ಓಡಿಬಂದರು.

"ಅದೇನು?"

"ಜೋಳದ ರೊಟ್ಟಿ."

ಅವರು ತಮ್ಮ ಕಪಾಟಿನಿಂದ ಬಟ್ಟೆಯಲ್ಲಿ ಸುತ್ತಿದ ಒಂದು ಗಂಟು ತಂದರು. ಅದರಲ್ಲಿಯೂ ಹಪ್ಪಳದಂಥ, ಹಾಳೆಯಷ್ಟು ತೆಳ್ಳನೆಯ ಗೋಧಿ ರೊಟ್ಟಿ. ಕುರಿಗಾರರು ತಿಂಗಳುಗಟ್ಟಲೆ ಗುಡ್ಡದಲ್ಲಿರುವಾಗ ಕೆಡಬಾರದೆಂದು ಎರಡು ಸಲ ಸುಟ್ಟದ್ದು. ಪಾವ್ಲಾ ಅದನ್ನು ನನ್ನ ಕಿವಿಯ ಹತ್ತಿರ ಹಿಡಿದು ಮುರಿದರು. ನಾನು ನನ್ನದನ್ನು ಅವರ ಕಿವಿಯ ಹತ್ತಿರ ಮುರಿದೆ.

"ನಿಮ್ಮದು ಹೆಚ್ಚು ಸದ್ದು ಮಾಡುತ್ತದೆ. ಆದರೆ ನಮ್ಮದಕ್ಕೆ ಚೀಸ್ ಇದೆ" ಎಂದರು.

"ನಮ್ಮದಕ್ಕೆ ಹಿಂಡಿ ಇದೆ" ಎಂದು ಡಬ್ಬಿ ಮುಂದಿಟ್ಟೆ. ಅವರು ಒಂದು ಚಮಚ ಒಮ್ಮೆಗೇ ಬಾಯಿಗಿಟ್ಟು, ಮುಂದಿನ ಹತ್ತು ನಿಮಿಷ ಏನೂ ಕಲಿಸಲಿಲ್ಲ.

ಪ್ರಯೋಗಾಲಯದಲ್ಲಿ ನಡೆಯುತ್ತಿದ್ದ ಕೆಲಸ ಇಷ್ಟು. ನೀರುಗುಳ್ಳೆಯ ನೀರಿನಲ್ಲಿ ಕೆಲವು ಪ್ರೋಟೀನುಗಳಿವೆ. ನಮ್ಮ ರಕ್ತಪರೀಕ್ಷೆ ಹಿಡಿಯುವುದು ಅವುಗಳಿಗೆ ದೇಹ ತೋರುವ ಪ್ರತಿಕ್ರಿಯೆಯನ್ನು. ಆದರೆ ಆ ಪ್ರೋಟೀನಿನ ಆಕಾರ ಸರಿಯಾಗಿ ತಿಳಿದರೆ ಪರೀಕ್ಷೆ ಇನ್ನೂ ನಿಖರವಾಗುತ್ತದೆ, ಒಳಗಿನ ಗುಳ್ಳೆ ಜೀವಂತವೋ ಸತ್ತಿದೆಯೋ ಎಂದು ಹೊಟ್ಟೆ ಕೊಯ್ಯದೆ ಹೇಳಬಹುದು. ಆಕಾರವೆಂದರೆ ಏನೆಂದು ನನ್ನ ವಿದ್ಯಾರ್ಥಿಗಳಿಗೆ ನಾನು ತಲೆಯ ರುಮಾಲಿನಿಂದ ಹೇಳುತ್ತೇನೆ. ಬಟ್ಟೆ ಉದ್ದಕ್ಕೆ ಒಂದೇ. ಸುತ್ತಿದ ರೀತಿ ನೋಡಿ ಇವನು ಇಂಡಿ ಕಡೆಯವ, ಅವನು ಮುದ್ದೇಬಿಹಾಳದವ ಎಂದು ಹಿರಿಯರು ದೂರದಿಂದಲೇ ಹೇಳುತ್ತಾರೆ. ಪ್ರೋಟೀನೂ ಒಂದು ಉದ್ದನೆಯ ದಾರ. ದೇಹದ ಕಾವಲುಗಾರರು ಗುರುತು ಹಿಡಿಯುವುದು ಅದರ ಸುತ್ತನ್ನು.

ಆ ಸುತ್ತು ಕಾಣಬೇಕಾದರೆ ಪ್ರೋಟೀನನ್ನು ಹರಳುಗಟ್ಟಿಸಬೇಕು. ಶುದ್ಧಮಾಡಿದ ಒಂದು ಹನಿಯನ್ನು ಗಾಜಿನ ಚೂರಿನ ಕೆಳಗೆ ತೂಗುಬಿಟ್ಟು ಮುಚ್ಚುತ್ತೇವೆ. ಆಮೇಲೆ ದಿನವೂ ಸೂಕ್ಷ್ಮದರ್ಶಕದಲ್ಲಿ ನೋಡುವುದು, ಅಷ್ಟೇ. ನೂರಾರು ಹನಿ. ಒಂದರಲ್ಲಿ ಧೂಳು, ಒಂದರಲ್ಲಿ ಕೂದಲೆಳೆ, ಉಳಿದವುಗಳಲ್ಲಿ ಏನೂ ಇಲ್ಲ. ಕಿಟಕಿಯ ಹೊರಗೆ ಗುಡ್ಡಗಳು ಹಸಿರಾಗಿದ್ದವು, ಬಾದಾಮಿ ಗಿಡಗಳು ಹೂಬಿಟ್ಟಿದ್ದವು. ನಮ್ಮ ಕಡೆ ಆ ಹೊತ್ತಿಗೆ ಹುಲ್ಲು ಒಣಗಿ ಅಣ್ಣ ದಿನಕ್ಕೊಂದು ಊರು ನಡೆಯುತ್ತಿರುತ್ತಾನೆ. ಹನಿ ನೋಡುತ್ತ ನೋಡುತ್ತ ನಾನು ಆ ಹಿಂಡಿನ ಹಿಂದೆ ನಡೆಯುತ್ತಿದ್ದೆ.

ಆ ಮಂಗಳವಾರ

ಮೂರನೆಯ ವಾರ ಪಾವ್ಲಾ ನನ್ನನ್ನು ಜುವಾನ್ನೆ ಎಂಬ ರೋಗಿಯ ಹತ್ತಿರ ಕರೆದೊಯ್ದರು. ಗುಡ್ಡದ ಮೇಲಿನ ಊರಿನ ಕುರಿಗಾರ, ಅರವತ್ತರ ಮೇಲೆ. ಮರುದಿನ ಅವರ ಲಿವರಿನ ಗುಳ್ಳೆಯ ಶಸ್ತ್ರಚಿಕಿತ್ಸೆ. ಗುಳ್ಳೆಯ ನೀರಿನಲ್ಲಿ ಒಂದು ನಳಿಕೆಯಷ್ಟು ನಮ್ಮ ಪ್ರಯೋಗಾಲಯಕ್ಕೆ ಬೇಕಿತ್ತು, ಅದಕ್ಕೆ ಅವರ ಒಪ್ಪಿಗೆ ಕೇಳಬೇಕಿತ್ತು. ಪಾವ್ಲಾ ಅವರ ಮಾತನ್ನು ನನಗೆ ಇಂಗ್ಲಿಷಿನಲ್ಲಿ ಹೇಳುತ್ತಿದ್ದರು.

"ನಿಮ್ಮಲ್ಲಿ ಕುರಿ ಎಷ್ಟು ಹಾಲು ಕೊಡುತ್ತದೆ?" ಎಂದು ಕೇಳಿದರು ಜುವಾನ್ನೆ.

"ನಾವು ಕುರಿ ಕರೆಯುವುದಿಲ್ಲ. ಉಣ್ಣೆ, ಮರಿ, ಗೊಬ್ಬರ. ಹಾಲು ಮರಿಗಳಿಗೆ."

ಅವರು ನನ್ನನ್ನು ಬಹಳ ಮರುಕದಿಂದ ನೋಡಿದರು. ಆಮೇಲೆ ಸಹಿ ಮಾಡಿದರು. "ನೀರಲ್ಲವೇ, ಎಲ್ಲ ತೆಗೆದುಕೊಳ್ಳಲಿ. ನನಗೆ ನಾನು ಉಳಿದರೆ ಸಾಕು."

ಮಂಗಳವಾರ ಬೆಳಿಗ್ಗೆ ಹಸಿರು ಅಂಗಿ ತೊಟ್ಟು, ಮಂಜುಗಡ್ಡೆಯ ಡಬ್ಬಿ ಹಿಡಿದು ಶಸ್ತ್ರಚಿಕಿತ್ಸೆಯ ಕೋಣೆಯೊಳಗೆ ನಿಂತೆ. ನನ್ನ ಜಾಗ ರೋಗಿಯ ತಲೆಯ ಕಡೆ, ಅವರ ಬಲಗೈ ಚಾಚಿ ಇಟ್ಟಿದ್ದ ಹಲಗೆಯ ಪಕ್ಕ. ಕೆಲಸ ಒಂದೇ: ನಳಿಕೆ ಕೊಟ್ಟಾಗ ಹಿಡಿಯುವುದು, ಹೆಸರು ಬರೆದು ಮಂಜಿನಲ್ಲಿಡುವುದು.

ಶಸ್ತ್ರವೈದ್ಯರು ಹೊಟ್ಟೆ ತೆರೆದು, ಲಿವರಿನ ಸುತ್ತ ಕಡು ಉಪ್ಪುನೀರಿನಲ್ಲಿ ತೋಯಿಸಿದ ಕಪ್ಪು ಬಟ್ಟೆಗಳನ್ನು ಪದರ ಪದರ ಇಟ್ಟರು. ಗುಳ್ಳೆಯ ಚೂರು ಬಿಳಿ, ಕಪ್ಪು ಬಟ್ಟೆಯ ಮೇಲಾದರೆ ಒಂದು ಚುಕ್ಕೆ ಬಿದ್ದರೂ ಕಾಣುತ್ತದೆ. ಒಂದು ಹನಿ ಹೊಟ್ಟೆಯೊಳಗೆ ಚೆಲ್ಲಬಾರದು. ಅಣ್ಣ ಹೇಳಿದಂತೆ ನಾನು ಕಣ್ಣು ಮುಚ್ಚಲಿಲ್ಲ. ಸೂಜಿ ಒಳಗೆ ಹೋಯಿತು. ಸಿರಿಂಜಿಗೆ ಬಂದ ನೀರು ಬಾವಿಯ ನೀರಿನಷ್ಟು ತಿಳಿ. ಇಷ್ಟು ಚೆಂದದ ನೀರು ಕೊಲ್ಲುತ್ತದೆಯೇ ಎನಿಸಿತು. ನಳಿಕೆ ನನ್ನ ಕೈಗೆ ಬಂತು.

ಸಿರಿಂಜು ಬದಲಿಸುವಾಗ ಸೂಜಿಯ ಪಕ್ಕದಿಂದ ಒಂದು ಸಣ್ಣ ಧಾರೆ ಚಿಮ್ಮಿತು. ದಾರದಷ್ಟು ತೆಳ್ಳಗೆ. ಅದು ಯಾರ ತಪ್ಪೂ ಅಲ್ಲ. ಬಿಗಿದ ಗುಳ್ಳೆ ಹಾಗೆ ಮಾಡುವುದುಂಟು ಎಂದು ಆಮೇಲೆ ಹೇಳಿದರು. ವೈದ್ಯರು ತಕ್ಷಣ ಬಟ್ಟೆ ಒತ್ತಿದರು. ಎಲ್ಲರ ಕಣ್ಣು ಹೊಟ್ಟೆಯ ಕಡೆ ಹೋಯಿತು. ನಾನು ನಳಿಕೆಗೆ ಹೆಸರು ಬರೆಯಲು ಬಗ್ಗಿದ್ದೆ, ಹಾಗಾಗಿ ನನ್ನ ಕಣ್ಣು ಅವರ ತೋಳಿನ ಮೇಲಿತ್ತು.

ಬಿಳಿಯ ತೋಳಿನ ಮೇಲೆ ಒಂದು ಕೆಂಪು ಮಚ್ಚೆ ಎದ್ದಿತು. ನೋಡುತ್ತಿದ್ದಂತೆಯೇ ಮೂರು. ಆಮೇಲೆ ಇಡೀ ತೋಳು, ಇರುವೆ ಗೂಡಿನ ಮೇಲೆ ಮಲಗಿದವರ ಹಾಗೆ, ಗಾದರಿ ಗಾದರಿಯಾಗಿ ಉಬ್ಬಿತು.

ಅದೇನೆಂದು ನನಗೆ ಗೊತ್ತಿತ್ತು. ಪಾಠ ಮಾಡಿದ್ದೇನೆ. ವರ್ಷಗಟ್ಟಲೆ ಆ ಗುಳ್ಳೆಯಿಂದ ಜಿನುಗಿದ ಚೂರುಪಾರನ್ನು ಮೂಸಿ ಮೂಸಿ ದೇಹದ ಕಾವಲು ಅದರ ಗುರುತು ಇಟ್ಟುಕೊಂಡಿರುತ್ತದೆ. ಒಮ್ಮೆಗೇ ಅಷ್ಟು ಎದುರಾದಾಗ ಕೆರಳಿ, ಹಟ್ಟಿಗೆ ನುಗ್ಗಿದ ತೋಳವನ್ನು ಕಂಡ ನಾಯಿಯಂತೆ, ಅಡ್ಡ ಬಂದ ಕುರಿಗಳನ್ನೂ ಕಚ್ಚುತ್ತದೆ. ರಕ್ತದೊತ್ತಡ ಕುಸಿಯುತ್ತದೆ, ಉಸಿರಿನ ದಾರಿ ಕಟ್ಟುತ್ತದೆ.

ಗೊತ್ತಿದ್ದೂ ನಾನು ಸುಮ್ಮನೆ ನಿಂತಿದ್ದೆ. ಇದನ್ನು ಎಷ್ಟು ಸಲ ತಿರುಗಿಸಿ ನೋಡಿದ್ದೇನೋ ಲೆಕ್ಕವಿಲ್ಲ. ನಮ್ಮ ಮನೆಯಲ್ಲಿ ಹಿರಿಯರು ಕುರಿಗೆ ಔಷಧ ಮಾಡುವಾಗ ಪಕ್ಕದಲ್ಲಿ ನಿಂತವರು ಮಾತಾಡಬಾರದು. ಬಾಯಿ ಹಾಕಿದರೆ ಪೆಟ್ಟು. ಅದು ನನ್ನ ಮೈಯಲ್ಲಿ ಕೂತಿತ್ತು. ಮೇಲಾಗಿ ನಾನು ಅತಿಥಿ, ಭಾಷೆ ಬಾರದು, ಇಂಗ್ಲಿಷೂ ಹೊಳೆಯಲಿಲ್ಲ. ಐದು ಉಸಿರು ಹೋಯಿತೋ, ಹತ್ತೋ. ಆಮೇಲೆ ನನ್ನ ಬಾಯಿಂದ ಬಂದದ್ದು ಕನ್ನೊಳ್ಳಿಯ ದನಿ.

"ಡಾಕ್ಟರ್ರಿ! ಇಲ್ಲೆ ನೋಡ್ರಿ! ಕೈ ನೋಡ್ರಿ, ಕೈ!"

ಅರಿವಳಿಕೆ ಕೊಡುತ್ತಿದ್ದ ವೈದ್ಯೆ ಸರಕ್ಕನೆ ತಿರುಗಿದರು. ಅದರ ಬೆನ್ನಿಗೇ ಯಂತ್ರವೂ ಕೂಗಿಕೊಂಡಿತು. ಪರದೆಯ ಮೇಲಿನ ಅಂಕಿಗಳು ಮೆಟ್ಟಿಲು ಇಳಿದಂತೆ ಇಳಿದವು. ಯಾರೋ ಕಾಲುಗಳನ್ನು ಮೇಲೆತ್ತಿದರು, ಯಾರೋ ಚುಚ್ಚುಮದ್ದಿನ ಸೀಸೆ ಒಡೆದರು. ಶಸ್ತ್ರವೈದ್ಯರು ಮಾತ್ರ ಎರಡೂ ಕೈ ಒತ್ತಿ ಹಿಡಿದು ಕಲ್ಲಿನಂತೆ ನಿಂತಿದ್ದರು. ಜುವಾನ್ನೆಯ ತುಟಿ ನೀಲಿಯಾಗಿತ್ತು. ನನಗೆ ಆ ಮುಖ ಕಾಣಲಿಲ್ಲ, ಅಣ್ಣನ ಮುಖ ಕಂಡಿತು.

ಅಂಕಿಗಳು ಒಂದೊಂದಾಗಿ ಹತ್ತಿ ಬಂದವು. ಗುಳ್ಳೆಯ ಬಿಳಿ ಪೊರೆಯನ್ನು ಪೂರ್ತಿ ತೆಗೆದು ಹೊಟ್ಟೆ ಮುಚ್ಚಿದಾಗ ನಾನು ಹೊರಗೆ ನೆಲದ ಮೇಲೆ, ಮಂಜಿನ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದೆ. ಅರಿವಳಿಕೆ ವೈದ್ಯೆ ಬಂದು ಪಕ್ಕದಲ್ಲೇ ನೆಲಕ್ಕೆ ಕುಳಿತರು.

"ಬದುಕಿದ್ದಾರೆ. ಒಳಗೆ ಏನೆಂದು ಕೂಗಿದಿರಿ?"

"ನೋಡ್ರಿ, ಅಂದೆ."

"ನೋಡ್ರಿ" ಎಂದು ಅವರು ಬಾಯಲ್ಲಿ ಆಡಿಸಿ ನೋಡಿದರು. "ಯಂತ್ರ ಹೇಗೂ ಹೇಳುತ್ತಿತ್ತು. ಆದರೆ ನೀವು ಮೊದಲು ಹೇಳಿದಿರಿ."

ಮೊದಲು ಅಲ್ಲ, ತಡಮಾಡಿ ಹೇಳಿದೆ ಎಂದು ಅವರಿಗೆ ಹೇಳಲಾಗಲಿಲ್ಲ.

ಆ ವಾರ ಅಣ್ಣನ ಫೋನು ಎತ್ತಲಿಲ್ಲ. ಅವನು ದನಿ ಮುದ್ರಿಸಿ ಕಳಿಸಿದ. ಹಿಂದೆ ಕುರಿಗಂಟೆ, ಮೋತ್ಯಾನ ಒಂದು ಬೊಗಳು, ಗಾಳಿ. "ಯಾಕ ಮಾತಾಡವಲ್ಲಿ? ನೋಡಿದಿ ಏನು?" ಅದನ್ನು ಕಂಬಳಿಯೊಳಗೆ ಮುಸುಕು ಹಾಕಿಕೊಂಡು ಎಷ್ಟೋ ಸಲ ಕೇಳಿದೆ. ಅವನ ಮಾತಿಗಿಂತ ಹಿಂದಿನ ಗಂಟೆಗಾಗಿ ಕೇಳಿದೆ. "ಇನ್ನೂ ನೋಡಿಲ್ಲ ಅಣ್ಣಾ" ಎಂದು ಬರೆದು ಕಳಿಸಿದೆ. ಅವನಿಗೆ ನಾನು ಹೇಳಿದ ಮೊದಲ ಸುಳ್ಳು ಅದಲ್ಲ. ಆದರೆ ಅವನ ಜೀವ ನೇತಾಡುತ್ತಿದ್ದ ಸುಳ್ಳು ಅದೊಂದೇ.

ಗುಡ್ಡದ ಮೇಲಿನ ಮನೆ

ಐದನೆಯ ವಾರ ಜುವಾನ್ನೆ ನಮ್ಮನ್ನು ಊಟಕ್ಕೆ ಕರೆದರು. ಕಲ್ಲಿನ ಮನೆ, ಹೊರಗೆ ಕಲ್ಲಿನ ಹಟ್ಟಿ. ಅವರು ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕುಳಿತಿದ್ದರು, ಮೊದಲಿಗಿಂತ ತೆಳ್ಳಗೆ. ನನ್ನನ್ನು ಕಂಡು "ನೋಡ್ರಿ!" ಎಂದು ಕೂಗಿದರು. ಕಥೆ ಆಸ್ಪತ್ರೆಯಿಂದ ಅವರ ಊರಿನ ತನಕ ಹೋಗಿತ್ತು. ಊಟ ಮುಗಿಯುವವರೆಗೂ ಆ ಮನೆಯಲ್ಲಿ ಉಪ್ಪು ಬೇಕಾದರೂ ನೋಡ್ರಿ, ರೊಟ್ಟಿ ಬೇಕಾದರೂ ನೋಡ್ರಿ.

ನನಗಾಗಿ ಮರಿ ಕೊಯ್ದಿದ್ದರು. ಹಟ್ಟಿಯ ಹತ್ತಿರ ಅವರ ನಾಯಿ, ಕಿವಿ ನಿಮಿರಿಸಿ, ತನ್ನ ಪಾಲಿಗೆ ಕಾದಿತ್ತು. ಆ ನಿಲುವು ನನಗೆ ಗೊತ್ತು. ನನ್ನ ಕೈ ತಾನಾಗಿ ಮುಂದೆ ಹೋಯಿತು. ಆದರೆ ಅವರ ಹೆಂಡತಿ ಮರಿಯ ಲಿವರು, ಕರುಳು ಎಲ್ಲವನ್ನು ಒಂದು ಕರಿ ಹಿಡಿದ ಗಡಿಗೆಗೆ ಹಾಕಿ ಒಲೆಯ ಮೇಲಿಟ್ಟರು. ಕುದಿದು ಕುದಿದು ಬಣ್ಣ ಸತ್ತ ಮೇಲೆ ಆರಿಸಿ ನಾಯಿಗೆ ಹಾಕಿದರು. ಪಾಲು ತಪ್ಪಲಿಲ್ಲ. ಇಷ್ಟೇ ಸಾಕಿತ್ತು. ಒಂದು ಗಡಿಗೆ, ಒಂದಿಷ್ಟು ಕಟ್ಟಿಗೆ. ನಾನು ಗೋಡೆಯ ಕಡೆ ತಿರುಗಿ ನಿಂತೆ.

"ನಿನ್ನ ಅಣ್ಣನಿಗೆ ಫೋನು ಮಾಡು" ಎಂದರು ಜುವಾನ್ನೆ. ಅಣ್ಣನ ಕಥೆ ಪಾವ್ಲಾ ಹೇಳಿದ್ದರು.

ವಿಡಿಯೋದಲ್ಲಿ ಅಣ್ಣ ಬೇವಿನ ಗಿಡದ ಕೆಳಗಿದ್ದ. ಜುವಾನ್ನೆ ಅಂಗಿ ಎತ್ತಿ ಗಾಯದ ಗುರುತು ತೋರಿಸಿದರು. ಅಣ್ಣ ಫೋನಿಗೆ ಮುಖ ಹತ್ತಿರ ತಂದ. ನಮ್ಮ ಕಡೆ ವಯಸ್ಸಾದವರೆಲ್ಲ ಮುತ್ಯಾ, ಅಂದರೆ ಅಜ್ಜ.

"ಏ ರೇಣಿ, ಈ ಮುತ್ಯಾನ್ನ ಕೊಯ್ಯೂದು ನೋಡಿದೇನ ನೀ?"

ಆಗ ಹೇಳಿದೆ. ಗುಳ್ಳೆ, ಧಾರೆ, ತೋಳು, ನೀಲಿ ತುಟಿ. ನಾನು ಸುಮ್ಮನೆ ನಿಂತದ್ದನ್ನೂ ಹೇಳಿದೆ. ಬೇವಿನ ಎಲೆಯ ನೆರಳು ಅವನ ಮುಖದ ಮೇಲೆ ಅಲ್ಲಾಡುತ್ತಿತ್ತು.

"ಎದ್ದು ಕುಂತಾನಲ್ಲ ಮತ್ತ" ಎಂದ ಕೊನೆಗೆ.

"ಕುಂತಾರ. ಖರೆ ನನಗ ಹೂಂ ಅನ್ನಾಕ ಬಾಯಿ ಬರವಲ್ದು ಅಣ್ಣಾ. ಊಹೂಂ ಅನ್ನಾಕೂ ಬರವಲ್ದು."

"ಆ ಕೆಂಪ ಮೊದಲ ಯಾರ ಕಣ್ಣಿಗೆ ಬಿತ್ತು?"

"ನನ್ನ ಕಣ್ಣಿಗೆ."

"ಹಂಗಾರ ಹೂಂ ಅನ್ನೂದು ಬ್ಯಾಡ ಬಿಡು. ನೀ ಒಳಗ ನನ್ನ ಬಾಜೂಕ ನಿಂದ್ರು. ಕೆಂಪ ಬಂದ್ರ ಒದರು. ಈ ಸಲ ಲಗೂನ ಒದರು. ನಾ ಮಲಗ್ತೇನಿ."

ಜುವಾನ್ನೆ ಫೋನು ಕಸಿದುಕೊಂಡು ಹಟ್ಟಿಯತ್ತ ತಿರುಗಿಸಿ ತಮ್ಮ ಕುರಿ ತೋರಿಸಿದರು. ಅಣ್ಣ ತನ್ನ ಹಿಂಡು ತೋರಿಸಿದ. ಒಬ್ಬರ ಮಾತು ಇನ್ನೊಬ್ಬರಿಗೆ ತಿಳಿಯದೆ ಇಬ್ಬರೂ ಬಹಳ ಹೊತ್ತು ಮಾತಾಡಿದರು. "ಎಲ್ಲಾ ಬೆಳ್ಳಗ ಅದಾವಲ್ಲೋ ಮುತ್ಯಾ, ತೊಳೀತೀರೇನು?" ಎಂದು ಅಣ್ಣ ಕೇಳುತ್ತಿದ್ದ.

ಹೊರಡುವ ದಿನ ನನ್ನ ಹನಿಗಳನ್ನು ಕೊನೆಯ ಸಲ ನೋಡಿದೆ. ಯಾವುದರಲ್ಲೂ ಹರಳಿಲ್ಲ. "ನಾನು ದಿನಾ ನೋಡುತ್ತಿರುತ್ತೇನೆ. ಹೋಗು, ಅವನ ಪಕ್ಕ ನಿಲ್ಲು" ಎಂದರು ಪಾವ್ಲಾ. ವಿಮಾನದಲ್ಲಿ ಕಂಬಳಿ ಹೊದ್ದುಕೊಂಡಾಗ ಅದರಲ್ಲಿ ಎರಡು ಹಟ್ಟಿಗಳ ವಾಸನೆ ಇತ್ತು. ಆರು ವಾರ ಊರಿಗಾಗಿ ಹಂಬಲಿಸಿದವಳಿಗೆ ಆ ಕಲ್ಲಿನ ಮನೆಯ ಒಲೆ ನೆನಪಾಯಿತು.

ಕನ್ನೊಳ್ಳಿ

ಮನೆಗೆ ಬಂದ ಮರುದಿನ ಬೆಳಿಗ್ಗೆ ಅಣ್ಣ ಅಂಗಳದಲ್ಲಿ ತೋಳಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದ. ಚಹಾ ಲೋಟ ಹಿಡಿದು ಬಂದ ನಾನು ಅಲ್ಲೇ ನಿಂತೆ. ಅಷ್ಟು ದಿನ ಹೊಳೆಯದ ಒಂದು ವಿಷಯ ಆಗ ಹೊಳೆಯಿತು.

ಅಣ್ಣನ ತೋಳು ಕಪ್ಪು. ಹುಟ್ಟಿದ ಬಣ್ಣದ ಮೇಲೆ ನಲವತ್ತು ವರ್ಷದ ಬಿಸಿಲು ಕೂತ ಕಪ್ಪು. ಇದರ ಮೇಲೆ ಕೆಂಪು ಎದ್ದರೆ ನನಗೆ ಕಾಣುವುದು ಹೇಗೆ? ನಾನು ನೋಡಲು ಕಲಿತದ್ದು ಬಿಳಿಯ ತೋಳಿನ ಮೇಲೆ. ಇಡೀ ಪಯಣದಿಂದ ಅವನಿಗಾಗಿ ನಾನು ತಂದದ್ದು ಅದೊಂದೇ ಕಣ್ಣು. ಅದು ಇಲ್ಲಿ ಕುರುಡು.

"ಯಾಕ, ಹಂಗ್ಯಾಕ ನಿಂತಿ?"

ಹೇಳಿದೆ. ಅವನು ನಗಲು ಶುರುಮಾಡಿದ. ಒಳಗಿನಿಂದ ಅಣ್ಣನ ಹೆಂಡತಿ, ವೈನಿ, ಏನಾಯಿತೆಂದು ಇಣುಕಿ ನೋಡಿದರು.

"ಕೇಳಿಲ್ಲಿ, ನಿನ್ನ ನಾದಿನಿ ಇಟಲಿಗೆ ಹೋಗಿ ಬಂದಾಳ. ನಾ ಕರ್ರಗದೀನಿ ಅಂತ ಈಗ ಗೊತ್ತಾತಂತ!"

"ನಗಬ್ಯಾಡ ಅಣ್ಣಾ."

ಅವನು ನಗು ನಿಲ್ಲಿಸಿ, ಹಟ್ಟಿಯಿಂದ ಒಂದು ಕರಿ ಕುರಿಯನ್ನು ಹ್ರುರ್ ಎಂದು ಕರೆದು ಮೊಣಕಾಲ ನಡುವೆ ಹಿಡಿದ. "ಇದರ ಮೈಯಾಗ ಏನರ ಕಾಣತೈತೇನು?"

"ಇಲ್ಲ."

"ನನಗೂ ಕಾಣೂದಿಲ್ಲ. ಕರಿ ಕುರಿ ಮೈ ಕಣ್ಣಿಲೆ ನೋಡ್ತಾರೇನ ಹುಚ್ಚಿ? ಮುಳ್ಳಿರಲಿ, ಉಣ್ಣಿ ಇರಲಿ, ಗಾದರಿ ಇರಲಿ, ಕೈಲೆ ನೋಡ್ತಾರ. ಕೈ ಕೊಡು."

ನನ್ನ ಅಂಗೈಯನ್ನು ಕುರಿಯ ತೊಡೆಯ ಒಳಭಾಗದಲ್ಲಿ, ಉಣ್ಣೆ ಕಡಿಮೆ ಇರುವಲ್ಲಿ ಇಟ್ಟ. "ಒತ್ತಬ್ಯಾಡ. ಹಗೂರ ಇಡು. ಅಲ್ಲಾಡಿಸಬ್ಯಾಡ. ಮೊದಲ ಬಿಸಿ ಗೊತ್ತಾಗತೈತಿ, ಆಮ್ಯಾಗ ಉಬ್ಬು." ಬೆರಳ ತುದಿಗೆ ಒಂದು ಸಣ್ಣ ಉಬ್ಬು ಸಿಕ್ಕಿತು. ಕಣ್ಣಿಗೆ ಅಲ್ಲಿ ಏನೂ ಇರಲಿಲ್ಲ. ನಾನು ಸಣ್ಣವಳಿದ್ದಾಗ ಇದು ನನಗೂ ಬರುತ್ತಿತ್ತು. ಪುಸ್ತಕ ಓದುತ್ತ ಓದುತ್ತ ಕೈ ಅದನ್ನು ಮರೆತಿತ್ತು.

ಏಳು ದಿನ ಹಿಂಡಿನ ಒಂದೊಂದೇ ಕುರಿಯ ಮೈ ಮೇಲೆ ಕೈಯಿಟ್ಟು ಕಲಿತೆ. ಆ ದಿನಗಳಲ್ಲೇ ಮೋತ್ಯಾನ ಪಾಲನ್ನು ಗಡಿಗೆಯಲ್ಲಿ ಕುದಿಸಿ ಹಾಕಿದೆ. ಅದು ಮೂಸಿ ನನ್ನ ಮುಖ ನೋಡಿತು. "ಉಪ್ಪು ಖಾರ ಹಾಕೀ ಏನು?" ಎಂದ ಅಣ್ಣ.

ವಿಜಯಪುರ

ಆಸ್ಪತ್ರೆಗೆ ಸೇರುವ ದಿನ ಪಾವ್ಲಾ ಫೋನಿಗೆ ಒಂದು ಚಿತ್ರ ಕಳಿಸಿದ್ದರು. ನನ್ನ ಒಂದು ಹನಿಯಲ್ಲಿ ಹರಳು ಕಟ್ಟಿತ್ತು, ಅಂಚು ಚೂಪಾಗಿ, ಬೆಳಕು ಹಿಡಿದು. ಅಣ್ಣನಿಗೆ ತೋರಿಸಿದೆ.

"ಇದಾ ಏನು ನನ್ನ ಹೊಟ್ಟ್ಯಾಗಿಂದು? ಕಲ್ಲಸಕ್ಕರಿ ಇದ್ದಂಗ ಐತಿ."

ಒಳಗೆ ನಿಲ್ಲಲು ಶಸ್ತ್ರವೈದ್ಯರು ಒಪ್ಪಿಗೆ ಕೊಟ್ಟಿದ್ದರು. ಸಾರ್ಡಿನಿಯಾದಲ್ಲಿ ಕಂಡದ್ದನ್ನೆಲ್ಲ ಅವರಿಗೆ ಹೇಳಿದ್ದೆ. ಚುಚ್ಚುಮದ್ದುಗಳು ಮೊದಲೇ ಸಾಲಾಗಿ ಸಿದ್ಧವಿದ್ದವು. ನಾನು ಕೈಗವಸು ತೊಟ್ಟು, ಚಾಚಿದ ತೋಳಿನ ಪಕ್ಕ ನಿಂತೆ. ಕಪ್ಪು ಬಟ್ಟೆಗಳು, ಸೂಜಿ, ತಿಳಿನೀರು. ಆ ಕಡೆ ನಾನು ನೋಡಲಿಲ್ಲ. ಕಣ್ಣು ಮುಚ್ಚಿದೆ. ಹಗುರವಾಗಿ, ಅಲ್ಲಾಡಿಸದೆ, ಅಂಗೈಯನ್ನು ಅವನ ತೋಳಿನ ಮೇಲಿಟ್ಟೆ.

ಒಂದು ಸಲ ಬಿಸಿ ಏರಿದಂತೆ ಅನಿಸಿತು. ಬಾಯಿ ತೆರೆದೆ. ಅದು ನನ್ನದೇ ಕೈಯ ಬಿಸಿ. ಕೈಯೆತ್ತಿ, ಆರಿಸಿ, ಮತ್ತೆ ಇಟ್ಟೆ. ಉಬ್ಬಿಲ್ಲ. ಮತ್ತೆ ನೋಡಿದೆ. ಇಲ್ಲ. ಆ ಬಿಳಿಯ ತೋಳು, ಮೂರು ಮಚ್ಚೆ, ಐದು ಉಸಿರು, ಎಲ್ಲ ಮುಚ್ಚಿದ ಕಣ್ಣಿನೊಳಗೆ ಮೊದಲಿನಿಂದ ನಡೆಯಿತು, ಮುಗಿಯಿತು, ಮತ್ತೆ ನಡೆಯಿತು. ಕೈಯ ಕೆಳಗೆ ಅಣ್ಣನ ತೋಳು ಮಾತ್ರ ಹಾಗೆಯೇ ಇತ್ತು.

"ಮುಗೀತ್ರಿ ಮೇಡಂ" ಎಂದು ಯಾರೋ ಅಂದರು.

ಹೊರಗಿನ ಕೋಣೆಗೆ ಮಂಚ ತಳ್ಳಿಕೊಂಡು ಹೋಗುವಾಗಲೂ ನಾನು ಪಕ್ಕದಲ್ಲೇ ನಡೆದೆ. ಮಧ್ಯಾಹ್ನದ ಹೊತ್ತಿಗೆ ಅವನ ರೆಪ್ಪೆ ಅಲ್ಲಾಡಿತು. ತುಟಿ ಒಣಗಿತ್ತು.

"ಒದರಿದೇನ?"

"ಇಲ್ಲೋ ಅಣ್ಣಾ."

ರೆಪ್ಪೆ ಮುಚ್ಚಿದ. ಮತ್ತೆ ನಿದ್ದೆ ಹೋದನೇನೋ ಅಂದುಕೊಂಡೆ.

"ಹಂಗಾರ ಇನ್ನ ಕೈ ತಗೀ" ಎಂದ, ಕಣ್ಣು ಮುಚ್ಚಿಕೊಂಡೇ. "ತೋಳು ಬೆವರಾಕತ್ತೈತಿ."